ಆಟೊ ಸಾಲದ ವಿಷಯ ಹೇಳ್ಬೇಡಿ ಅಂದರೆ?

ಪ್ರಶ್ನೆ: ಮೇಡಂ, ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕೈಗೆ ಬರೋದು 13,000 ರೂಪಾಯಿ. ಯಜಮಾನರು ಆಟೊ ಓಡಿಸಿ ಗ್ಯಾಸ್ ಖರ್ಚು ಕಳೆದು 10,000 ತರುತ್ತಾರೆ. ಆಟೊ ಕಂತು 6,500, ನನ್ನ ಸಂಘದ ಸಾಲದ ಕಂತು 2,600. ಸಂಘದ್ದು ಇನ್ನು ಆರು ತಿಂಗಳು ಬಾಕಿ. ಮನೆಯಲ್ಲಿ ಬ್ಲೌಸ್ ಹೊಲಿಯಲು ಮೋಟರ್ ಮಷಿನ್ ತಗೊಳ್ಳೋ ಆಸೆ. ಇನ್ನೊಂದು ಮೈಕ್ರೋಫೈನಾನ್ಸ್‌ನವರು 50,000 ಕೊಡ್ತೀವಿ, ಬಡ್ಡಿ ಬರೀ 12 ಪರ್ಸೆಂಟ್, ಎರಡು ವರ್ಷ, ಆದ್ರೆ ಆಟೊ ಸಾಲದ ವಿಷಯ ಹೇಳ್ಬೇಡಿ ಅಂತಾರೆ. ಯಜಮಾನರು ಅದರಲ್ಲಿ ಅರ್ಧ ರಿಪೇರಿಗೆ ಕೇಳ್ತಿದ್ದಾರೆ. ತಗೊಳ್ಳಲಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಈಗ ಬೇಡ ತಂಗಿ. ಮಷಿನ್ ಬೇಡ ಅಂತಲ್ಲ, ಈ ಸಾಲ ಬೇಡ.

ಆಟೊ ವಿಷಯ ಯಾಕೆ ಮುಚ್ಚಿಡಬೇಕು, ಗೊತ್ತಾ? 2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ನಿಮ್ಮ ಮನೆಯ ಆದಾಯ 23,000, ಅರ್ಧ ಅಂದ್ರೆ 11,500. ಈಗಲೇ 9,100 ಕಟ್ಟುತ್ತಿದ್ದೀರಿ. 50,000 ಅಸಲು, 12,000 ಬಡ್ಡಿ, 24 ತಿಂಗಳಿಗೆ ಹಂಚಿದರೆ ಹೊಸ ಕಂತು ಸುಮಾರು 2,583. ಕೂಡಿಸಿ ನೋಡಿ, 11,683. ಲೆಕ್ಕ ದಾಟಿತು, ಅದಕ್ಕೇ ಬಾಯಿ ಮುಚ್ಚಿಸುತ್ತಿದ್ದಾರೆ. ಸುಳ್ಳು ಹೇಳೋಕೆ ಹೇಳಿದವನು ನಾಳೆ ಬೇರೆ ಏರಿಯಾಗೆ ಹೋಗ್ತಾನೆ, ಸಹಿ ಮಾತ್ರ ನಿಮ್ಮದು.

ಆ 12 ಪರ್ಸೆಂಟ್ ಕೂಡ ಫ್ಲಾಟ್ ಇರಬೇಕು. ಅಂದ್ರೆ ಅಸಲು ಕರಗುತ್ತಿದ್ದರೂ ಕೊನೆವರೆಗೂ ಪೂರ್ತಿ 50,000ಕ್ಕೇ ಬಡ್ಡಿ. ಎರಡು ವರ್ಷಕ್ಕೆ ಬಡ್ಡಿಯೇ 12,000. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ಅದು ಶೇ 21ಕ್ಕೂ ಜಾಸ್ತಿ. ಫೀಸು, ವಿಮೆ ಅಂತ ಮುರಿದುಕೊಂಡರೆ ಇನ್ನೂ ಮೇಲೆ. ಎಲ್ಲ ಸೇರಿ ವರ್ಷಕ್ಕೆ ಎಷ್ಟು ಅಂತ ಬರೆದ ಹಾಳೆ ಕೊಡೋದು ಅವರ ಕರ್ತವ್ಯ. ಕೇಳಿ. ವಿಮೆ ಬೇಡ ಅನ್ನೋ ಹಕ್ಕೂ ಇದೆ.

ಇನ್ನು ಯಜಮಾನರ ಅರ್ಧ. ಇಪ್ಪತ್ತು ವರ್ಷ ಬ್ಯಾಂಕಿನ ಕೌಂಟರ್‌ನಲ್ಲಿ ಕೂತವಳು ನಾನು. ಹೂವು ಮಾರುವ ಒಬ್ಬಾಕೆ ಸಾಲದ ಹಣ ತಗೊಂಡು ಎರಡು ಸಲ ಎಣಿಸಿದರು. ಬಾಗಿಲಲ್ಲೇ ನಿಂತಿದ್ದ ಗಂಡ ಕೈ ಚಾಚಿದ, ಕೊಟ್ಟರು. ಪಾಸ್‌ಬುಕ್ ಮಾತ್ರ ಸೆರಗಿನೊಳಗೆ ಹೋಯಿತು. ಆಮೇಲೆ ಪ್ರತಿ ತಿಂಗಳೂ ಕಂತು ಕಟ್ಟಲು ಬಂದದ್ದು ಅವರೇ, ಒದ್ದೆ ಕೈಯಲ್ಲಿ ಚಿಲ್ಲರೆ ಹಿಡಿದು. ಆ ಸಾಲದಿಂದ ಅವರ ಬುಟ್ಟಿಗೆ ಒಂದು ಮೊಳ ಹೂವೂ ಜಾಸ್ತಿ ಬರಲಿಲ್ಲ.

1974ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಅವರು ಕಟ್ಟಿದ, ದುಡಿಯುವ ಹೆಂಗಸರ ‘ಸೇವಾ’ ಸಂಘದ 4,000 ಹೆಂಗಸರು ತಲಾ 10 ರೂಪಾಯಿ ಹಾಕಿ ತಮ್ಮದೇ ಬ್ಯಾಂಕ್ ಮಾಡಿಕೊಂಡರು. ಅವರೂ ನಿಮ್ಮ ಹಾಗೆ ದುಡಿಯುವವರೇ. ಮೊದಲು ಸ್ವಂತ ಹೆಸರಲ್ಲಿ ಒಂದಿಷ್ಟು ಉಳಿತಾಯ, ಆಮೇಲೆ ಸಾಲ. ಈ ಕ್ರಮ ನನಗೂ ಸರಿ ಅನಿಸುತ್ತೆ.

ಹಾಗಾಗಿ ಆರು ತಿಂಗಳು ತಡೆಯಿರಿ. ಬೋನಸ್ ಬಂದರೆ ಸಂಘದ ಸಾಲ ಮೊದಲೇ ತೀರಿಸಿ. ಮೈಕ್ರೋಫೈನಾನ್ಸ್ ಸಾಲ ಬೇಗ ಕಟ್ಟಿದರೆ ದಂಡ ಹಾಕುವಂತಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಎಷ್ಟು ಜನ ಬ್ಲೌಸ್ ಕೊಡ್ತಾರೆ, ಕೇಳಿಟ್ಟುಕೊಳ್ಳಿ. ಕೆಲಸ ಮುಗಿಸಿ ಬಂದ ಮೇಲೆ ದಿನಕ್ಕೆ ಎಷ್ಟು ಹೊಲಿಯಲು ಆಗುತ್ತೆ ಅನ್ನೋದನ್ನೂ ಯೋಚಿಸಿ, ಸೊಂಟವೂ ನಿಮ್ಮದೇ ಅಲ್ವಾ. ಆಮೇಲೆ ಸಾಲ ತಗೊಂಡರೂ ಮಷಿನ್ ಬೆಲೆಗೆ ಎಷ್ಟು ಬೇಕೋ ಅಷ್ಟೇ. ಹಣ ನಿಮ್ಮ ಖಾತೆಗೆ ಬಂದು ಅಲ್ಲಿಂದ ನೇರ ಅಂಗಡಿಗೆ ಹೋಗಲಿ. ಬಿಲ್ ನಿಮ್ಮ ಹೆಸರಲ್ಲಿ ಬರೆಸಿ.

ಯಜಮಾನರಿಗೆ ಈ ಲೆಕ್ಕದ ಚೀಟಿ ತೋರಿಸಿ. 11,683 ಅನ್ನೋ ಅಂಕಿ ನೋಡಿದರೆ ಅವರೇ ರಿಪೇರಿಗೆ ಬೇರೆ ದಾರಿ ಹುಡುಕಬಹುದು.