ಸೆಪ್ಟೆಂಬರ್ 8ರಂದು ಹುಟ್ಟಿದ ಇಬ್ಬರು ಕಂಟ್ರಿ ಗಾಯಕರಲ್ಲಿ ಚಾರ್ಟ್‌ನ ಲೆಕ್ಕದಲ್ಲಿ ಮುಂದಿರುವವರು ಯಾರು?

ಒಂದೇ ತಾರೀಖಿನಂದು ಹುಟ್ಟಿದ ಜಿಮ್ಮಿ ರಾಡ್ಜರ್ಸ್ (1897) ಮತ್ತು ಪ್ಯಾಟ್ಸಿ ಕ್ಲೈನ್ (1932) ಇವರಲ್ಲಿ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ (ಚಾರ್ಟ್) ಯಾರ ಸಾಧನೆ ದೊಡ್ಡದು ಎಂದು ನೀವು ಕೇಳಿದ್ದೀರಿ. ಅಂಕಿಗಳನ್ನಷ್ಟೇ ನೋಡಿದರೆ ಪ್ಯಾಟ್ಸಿ ಕ್ಲೈನ್ ಎನ್ನಬೇಕಾಗುತ್ತದೆ. ಆದರೆ ಈ ಹೋಲಿಕೆ ರಾಡ್ಜರ್ಸ್‌ಗೆ ನ್ಯಾಯ ಒದಗಿಸುವುದಿಲ್ಲ.

ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಮೂಲದ ಹಾಡುಗಳಿಗಾಗಿ ಪ್ರತ್ಯೇಕ ಪಟ್ಟಿಯನ್ನು ಆರಂಭಿಸಿದ್ದು 1944ರ ಜನವರಿ 8ರಂದು. ಅದೂ ಜೂಕ್‌ಬಾಕ್ಸ್‌ಗಳಲ್ಲಿ ಜನ ಕಾಸು ಹಾಕಿ ಕೇಳಿದ ಹಾಡುಗಳ ಲೆಕ್ಕ. 1927ರಲ್ಲಿ ಅಮೆರಿಕದ ಬ್ರಿಸ್ಟಲ್ ಊರಿನಲ್ಲಿ ಮೊದಲ ಬಾರಿಗೆ ಧ್ವನಿಮುದ್ರಣ ಮಾಡಿ, ಆರು ವರ್ಷಗಳೊಳಗೆ ನೂರಕ್ಕೂ ಹೆಚ್ಚು ಹಾಡುಗಳನ್ನು ಹಾಡಿದ ರಾಡ್ಜರ್ಸ್, 1933ರ ಮೇ 26ರಂದೇ ಕ್ಷಯರೋಗದಿಂದ ತೀರಿಕೊಂಡಿದ್ದರು. ಇಲ್ಲದ ಪಟ್ಟಿಯಲ್ಲಿ ಅವರ ಹೆಸರನ್ನು ಹುಡುಕುವುದು ಹೇಗೆ?

ಅವರ ಪ್ರಭಾವ ಇತರರ ಖಾತೆಯಲ್ಲಿ ಜಮೆಯಾಗಿದೆ. ಅವರು 1928ರಲ್ಲಿ ಹಾಡಿದ್ದ 'ಇನ್ ದ ಜೈಲ್‌ಹೌಸ್ ನೌ' ಗೀತೆಯನ್ನು ಗಾಯಕ ವೆಬ್ ಪಿಯರ್ಸ್ 1955ರಲ್ಲಿ ಮತ್ತೆ ಹಾಡಿದಾಗ ಅದು 21 ವಾರ ಮೊದಲ ಸ್ಥಾನದಲ್ಲಿತ್ತು. ಅದಕ್ಕೂ ಮುನ್ನ, 1950ರಲ್ಲಿ, ತಮ್ಮ ಹಾಡಿನೊಂದಿಗೆ ಅಷ್ಟೇ ವಾರ ಅಗ್ರಸ್ಥಾನದಲ್ಲಿದ್ದ ಗಾಯಕ ಹ್ಯಾಂಕ್ ಸ್ನೋ ತಮ್ಮ ಮಗನಿಗೆ ಜಿಮ್ಮಿ ರಾಡ್ಜರ್ಸ್ ಎಂದೇ ಹೆಸರಿಟ್ಟವರು. ಆ 21 ವಾರಗಳ ದಾಖಲೆಯನ್ನು ಮುರಿಯುವ ಹಾಡು ಬಂದದ್ದು 2013ರಲ್ಲಿ.

ಪ್ಯಾಟ್ಸಿ ಕ್ಲೈನ್ ವಿಷಯದಲ್ಲಿ ಪಟ್ಟಿಯಿದೆ, ಆದರೂ ಅದು ಪೂರ್ತಿ ಕಥೆ ಹೇಳುವುದಿಲ್ಲ. 1957ರಲ್ಲಿ ಎರಡನೆಯ ಸ್ಥಾನಕ್ಕೇರಿದ ಮೇಲೆ ಅವರು ಕೆಲವು ವರ್ಷ ಹಿನ್ನಡೆ ಕಂಡರು. 1961ರ ಜೂನ್‌ನಲ್ಲಿ ಕಾರು ಅಪಘಾತವಾಗಿ ಆಸ್ಪತ್ರೆ ಸೇರಿದ್ದಾಗ ಅವರ 'ಐ ಫಾಲ್ ಟು ಪೀಸಸ್' ಪಟ್ಟಿಯಲ್ಲಿ ಮೇಲೇರುತ್ತಿತ್ತು. ಆಗಸ್ಟ್‌ನಲ್ಲಿ ಅದು ಅವರಿಗೆ ಮೊದಲ ಅಗ್ರಸ್ಥಾನ ತಂದಿತು. ಮರುವರ್ಷ ಇನ್ನೊಂದು ಹಾಡೂ ಅಲ್ಲಿಗೆ ತಲುಪಿತು. ಆದರೆ ಇಂದು ಅವರ ಹೆಸರೆತ್ತಿದೊಡನೆ ಎಲ್ಲರಿಗೂ ನೆನಪಾಗುವ, ವಿಲ್ಲಿ ನೆಲ್ಸನ್ ಬರೆದ 'ಕ್ರೇಜಿ' ಎರಡನೆಯ ಸ್ಥಾನದಲ್ಲೇ ನಿಂತಿತ್ತು! 1963ರ ಮಾರ್ಚ್ 5ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 30 ವರ್ಷ. 1967ರಲ್ಲಿ ಬಂದ ಅವರ ಆಯ್ದ ಹಾಡುಗಳ ಸಂಕಲನ ಅಮೆರಿಕದಲ್ಲಿ ಒಂದು ಕೋಟಿಗೂ ಮಿಕ್ಕಿ ಮಾರಾಟವಾಯಿತು.

ಇಬ್ಬರನ್ನೂ ಅಳೆಯಲೇಬೇಕೆಂದಿದ್ದರೆ ಈ ಸಂಗೀತದ ಸಾಧಕರನ್ನು ಗೌರವಿಸುವ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಹೆಚ್ಚು ನಂಬಬಹುದಾದ ಆಧಾರ. 1961ರಲ್ಲಿ ಅದಕ್ಕೆ ಮೊದಲು ಆಯ್ಕೆಯಾದ ಮೂವರಲ್ಲಿ ರಾಡ್ಜರ್ಸ್ ಒಬ್ಬರು. ಏಕವ್ಯಕ್ತಿ ಗಾಯಕಿಯರಲ್ಲಿ ಆ ಗೌರವ ಮೊದಲು ಸಂದದ್ದು 1973ರಲ್ಲಿ, ಪ್ಯಾಟ್ಸಿ ಕ್ಲೈನ್ ಅವರಿಗೆ.

ಚಾರ್ಟ್‌ನ ಅಂಕಿಗಳನ್ನು ಬಳಸುವುದಾದರೆ ಪ್ರತಿಯೊಂದರ ಪಕ್ಕದಲ್ಲೂ ವರ್ಷವನ್ನು ಬರೆದುಕೊಳ್ಳಿ. ಏಕೆಂದರೆ 1958ರ ಅಕ್ಟೋಬರ್‌ವರೆಗೆ ಕಂಟ್ರಿಗೆ ಏಕಕಾಲದಲ್ಲಿ ಒಂದಕ್ಕಿಂತ ಹೆಚ್ಚು ಪಟ್ಟಿಗಳಿದ್ದವು, 2012ರ ಅಕ್ಟೋಬರ್‌ನಿಂದೀಚೆಗೆ ಡಿಜಿಟಲ್ ಮಾರಾಟ ಮತ್ತು ಸ್ಟ್ರೀಮಿಂಗ್ ಕೂಡ ಲೆಕ್ಕಕ್ಕೆ ಸೇರಿವೆ.