ವಾಯೇಜರ್ ಮಾದರಿಯ ತಟ್ಟೆ ಮತ್ತು ತೋಳು

ಪ್ರಶ್ನೆ: ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ವಾಯೇಜರ್ ಬಾಹ್ಯಾಕಾಶ ನೌಕೆಯ ಮಾದರಿಯನ್ನು 1:24 ಪ್ರಮಾಣದಲ್ಲಿ ದಪ್ಪ ಕಾಗದದಿಂದ ಮಾಡುತ್ತಿದ್ದೇವೆ. ಆಂಟೆನಾ ತಟ್ಟೆ ಸುಕ್ಕುಗಟ್ಟುತ್ತದೆ, ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಅಳೆಯುವ ಮಾಪಕ) ಇರುವ ಉದ್ದನೆಯ ತೋಳು ಜೋತುಬೀಳುತ್ತದೆ. ತೋಳನ್ನು ಅರ್ಧಕ್ಕೆ ಇಳಿಸಬಹುದೇ?
– ಶಿಕ್ಷಕಿ, ಶಿವಮೊಗ್ಗ

ಉತ್ತರ: ದಯವಿಟ್ಟು ತೋಳನ್ನು ಮೊಟಕುಗೊಳಿಸಬೇಡಿ. 1977ರಲ್ಲಿ ಹಾರಿದ ಎರಡೂ ವಾಯೇಜರ್‌ಗಳಲ್ಲಿ ಅದು 13 ಮೀಟರ್ ಉದ್ದವಿರುವುದಕ್ಕೆ ಕಾರಣವಿದೆ. ಗ್ರಹಗಳ ನಡುವಿನ ಕಾಂತಕ್ಷೇತ್ರ ಬಹಳ ಕ್ಷೀಣವಾದದ್ದು. ನೌಕೆಯ ವಿದ್ಯುತ್ ಉಪಕರಣಗಳು ತಾವೇ ಹುಟ್ಟಿಸುವ ಕಾಂತಕ್ಷೇತ್ರದಲ್ಲಿ ಅದು ಮುಳುಗಿಹೋಗದಂತೆ ಅಳೆಯಬೇಕಾದರೆ ಮಾಪಕವನ್ನು ಆದಷ್ಟು ದೂರ ಇರಿಸಬೇಕಾಗುತ್ತದೆ. ತಟ್ಟೆಯ ವ್ಯಾಸ 3.7 ಮೀಟರ್, ತೋಳು ಅದರ ಮೂರೂವರೆ ಪಟ್ಟು. ಇಷ್ಟು ಉದ್ದ ಏಕೆ ಎಂದು ಮಕ್ಕಳು ಕೇಳುವ ಅವಕಾಶ ಮಾದರಿಯಲ್ಲಿ ಉಳಿಯಲೇಬೇಕು.

ನಿಮ್ಮ ಪ್ರಮಾಣದಲ್ಲಿ ತೋಳು ಸುಮಾರು 54 ಸೆಂ.ಮೀ. ಆಗುತ್ತದೆ. ನಿಜವಾದ ತೋಳು ಮೂರು ಉದ್ದ ಸಲಾಕೆಗಳನ್ನು ಹೆಣೆದು ಮಾಡಿದ ತ್ರಿಕೋನಾಕಾರದ ಹಗುರ ಚೌಕಟ್ಟು. ಡಬ್ಬಿಯೊಳಗೆ ಮಡಿಸಿಟ್ಟಿದ್ದ ಅದು ಉಡಾವಣೆಯ ನಂತರ ಬಿಚ್ಚಿಕೊಂಡಿತು. ಬಾಹ್ಯಾಕಾಶದಲ್ಲಿ ಅದಕ್ಕೆ ತನ್ನ ಭಾರ ಹೊರುವ ಕೆಲಸವಿರಲಿಲ್ಲ, ನಿಮ್ಮ ಮೇಜಿನ ಮೇಲೆ ಇದೆ. ಆದ್ದರಿಂದ ಸಲಾಕೆಗಳನ್ನು ಬಿಡಿಬಿಡಿಯಾಗಿ ಕತ್ತರಿಸದೆ, ಚೌಕಟ್ಟಿನ ಚಿತ್ರವನ್ನು ಕಾಗದದ ಮೇಲೆ ಬರೆದು, ಮೂರು ಮುಖದ ಕೊಳವೆಯಾಗಿ ಮಡಿಸಿ. ಮೊದಲು ಹಾಳೆಯನ್ನು ಎರಡೂ ದಿಕ್ಕಿನಲ್ಲಿ ಮೆಲ್ಲಗೆ ಬಾಗಿಸಿ ನೋಡಿ: ಸುಲಭವಾಗಿ ಬಾಗಿದಾಗ ಮಡಿಕೆ ಯಾವ ದಿಕ್ಕಿಗಿದೆಯೋ ನಾರು ಅದೇ ದಿಕ್ಕಿಗಿರುತ್ತದೆ. ಕೊಳವೆಯ ಉದ್ದ ನಾರಿನ ಉದ್ದಕ್ಕೇ ಬರಲಿ, ಅರ್ಧ ಜೋಲು ಅಲ್ಲಿಗೇ ಕಡಿಮೆಯಾಗುತ್ತದೆ. ಮಡಿಕೆಯ ಗೆರೆಯನ್ನು ಇಂಕು ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಎಳೆಯಿರಿ. ಎ4 ಹಾಳೆಯ ಉದ್ದ 29.7 ಸೆಂ.ಮೀ. ಮಾತ್ರವಾದ್ದರಿಂದ ಎರಡು ತುಂಡು ಬೇಕು; ಒಳಗೆ ಇನ್ನೊಂದು ಸಣ್ಣ ಕೊಳವೆ ತೂರಿಸಿ ಬೆಸೆಯಿರಿ. ವಾಯೇಜರ್‌ನ ತೋಳಿನ ತುದಿಯಲ್ಲಿ ಒಂದು ಮಾಪಕವಿದ್ದರೆ ಸುಮಾರು ನಡುಭಾಗದಲ್ಲಿ ಇನ್ನೊಂದಿದೆ. ಬೆಸುಗೆ ಅದರ ಪೆಟ್ಟಿಗೆಯಡಿ ಮರೆಯಾಗುತ್ತದೆ.

ತಟ್ಟೆಯ ಸುಕ್ಕು ನಿಮ್ಮ ಕೈಯ ದೋಷವಲ್ಲ. ಕಾಗದ ಒಂದು ಸಲಕ್ಕೆ ಒಂದೇ ದಿಕ್ಕಿಗೆ ಬಾಗುತ್ತದೆ, ತಟ್ಟೆಯಾದರೋ ಎರಡೂ ದಿಕ್ಕಿಗೆ ಬಾಗಿದೆ. ಅದನ್ನು ಒಂದೇ ತುಂಡಿನಲ್ಲಿ ಒತ್ತಿ ಮಾಡುವ ಬದಲು, ಒಳಗಿನಿಂದ ಹೊರಕ್ಕೆ ಹೆಚ್ಚು ಕಡಿದಾಗುತ್ತ ಹೋಗುವ ಮೂರು ಉಂಗುರಗಳಾಗಿ ಮಾಡಿ. ಹೊರಗಿನ ಉಂಗುರ 30 ಡಿಗ್ರಿ ಏರಬೇಕೆಂದಿಟ್ಟುಕೊಳ್ಳಿ: ತಟ್ಟೆಯ ಅಂಚಿನ ತ್ರಿಜ್ಯ 77 ಮಿ.ಮೀ. ಇರುವುದರಿಂದ ಕಾಗದದ ಮೇಲೆ 89 ಮಿ.ಮೀ. ತ್ರಿಜ್ಯದ ವೃತ್ತ ಎಳೆದು, 48 ಡಿಗ್ರಿಯಷ್ಟು ಭಾಗವನ್ನು ಕತ್ತರಿಸಿ ತೆಗೆದು, ಉಳಿದ 312 ಡಿಗ್ರಿಯ ತುದಿಗಳನ್ನು ಕೂಡಿಸಬೇಕು. ಮೂರು ಉಂಗುರಗಳ ಕೂಡುಗೆರೆಗಳು ಒಂದೇ ಸಾಲಿಗೆ ಬಾರದಿರಲಿ. ಹಿಂಬದಿಯಿಂದ ತೆಳು ಕಾಗದದ ಪಟ್ಟಿ ಅಂಟಿಸಿದರೆ ಮುಂಭಾಗ ನುಣುಪಾಗಿ ಉಳಿಯುತ್ತದೆ. ಫೆವಿಕಾಲ್‌ನ ನೀರಿನಂಶವೂ ಕಾಗದವನ್ನು ಉಬ್ಬಿಸುತ್ತದೆ, ಆದ್ದರಿಂದ ಹಲ್ಲುಕಡ್ಡಿಯ ತುದಿಯಲ್ಲಿ ತೀರ ತೆಳುವಾಗಿ ಹಚ್ಚಿ.

ನೌಕೆಯ ನಡುವಿನ ಹತ್ತು ಮುಖದ ಪೆಟ್ಟಿಗೆ ಕಷ್ಟದ್ದಲ್ಲ. ಆದರೆ ಅದನ್ನು ಮುಚ್ಚುವ ಮೊದಲು, ತೋಳಿನ ಎದುರು ಬದಿಗೆ ಕೆಲವು ಕಬ್ಬಿಣದ ವಾಷರ್‌ಗಳನ್ನು ಅಂಟಿಸಿ. ಇಲ್ಲದಿದ್ದರೆ ಅಷ್ಟುದ್ದದ ತೋಳು ಮಾದರಿಯನ್ನೇ ಸ್ಟ್ಯಾಂಡಿನಿಂದ ಉರುಳಿಸುತ್ತದೆ.