ನಂದಿ ಕಡೆ ವೈನರಿ, ದ್ರಾಕ್ಷಿ ತೋಟ ನೋಡಲು ಎರಡು ಸಾವಿರದೊಳಗೆ ರೂಮು ಎಲ್ಲಿ ಸಿಗುತ್ತದೆ?

ತುಮಕೂರಿನಿಂದ ಎರಡು ಜೋಡಿ, ಒಂದೇ ಕಾರು, ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಎರಡು ರಾತ್ರಿ. ವೈನರಿ ಮತ್ತು ನಂದಿ ಬೆಟ್ಟ ಎರಡೂ ಆಗಬೇಕು, ರೂಮಿನ ಬಾಡಿಗೆ ದಿನಕ್ಕೆ 2,000 ರೂ. ದಾಟಬಾರದು. ನಿಮ್ಮ ಪ್ರಶ್ನೆ ಇಷ್ಟು ತಾನೇ? ಆಗುತ್ತದೆ, ಆದರೆ ತೋಟದೊಳಗೇ ಉಳಿಯಬೇಕು ಅನ್ನುವ ಆಸೆ ಬಿಡಬೇಕು. ನಾಸಿಕ್‌ನಲ್ಲಿ ಸುಲಾ ವೈನ್ ಕಂಪನಿಯವರು ತೋಟದಲ್ಲೇ ಹೋಟೆಲ್ ನಡೆಸುತ್ತಾರೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ನಂದಿ ಸುತ್ತ ಹುಡುಕಿದರೆ ಎರಡು ಮೂರು ಪಟ್ಟು ಕೇಳುವ ರೆಸಾರ್ಟುಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಚಿಕ್ಕಬಳ್ಳಾಪುರದ ಊರೊಳಗೆ ಲಾಡ್ಜ್ ಹಿಡಿಯಿರಿ.

ನಿಮಗೆ ದಾರಿಯೂ ಅನುಕೂಲವಾಗಿದೆ. ತುಮಕೂರಿನಿಂದ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಬನ್ನಿ. ಗ್ರೋವರ್ ಜಂಪಾ ವೈನರಿ ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿದೆ, ಅಂದರೆ ಬರುವ ದಾರಿಯಲ್ಲೇ. ಮೊದಲ ದಿನ ಮಧ್ಯಾಹ್ನವೇ ಅದನ್ನು ಮುಗಿಸಿ. ಟೂರ್, ಟೇಸ್ಟಿಂಗ್ ಎರಡನ್ನೂ ಮೊದಲೇ ಬುಕ್ ಮಾಡಬೇಕು. ಆ ಸಮಯ ಖಾತ್ರಿಯಾದ ಮೇಲೆ ರೂಮು ಬುಕ್ ಮಾಡಿ, ಉಲ್ಟಾ ಬೇಡ. ಅಲ್ಲಿಂದ ಚಿಕ್ಕಬಳ್ಳಾಪುರ ಸುಮಾರು 35 ಕಿ.ಮೀ., ಬಹುಪಾಲು ಹೈದರಾಬಾದ್ ಹೆದ್ದಾರಿ. ಕಾರು ಓಡಿಸುವವರು ಒಂದು ಗುಟುಕೂ ಮುಟ್ಟಬಾರದು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಮೊದಲ ಸಲ ಸಿಕ್ಕಿಬಿದ್ದರೇ 10,000 ರೂ. ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ನಾಲ್ವರೂ ಕುಡಿಯುವವರಾದರೆ ಲೆಕ್ಕ ಬದಲಾಗುತ್ತದೆ: ಆ ರಾತ್ರಿ ದೊಡ್ಡಬಳ್ಳಾಪುರದಲ್ಲೇ ಉಳಿದು, ವೈನರಿಗೆ ಬಾಡಿಗೆ ಕಾರಿನಲ್ಲಿ ಹೋಗಿ ಬನ್ನಿ. ದೇವನಹಳ್ಳಿಯಲ್ಲಿ ರೂಮು ಬೇಡ, ಏರ್‌ಪೋರ್ಟ್ ಪಕ್ಕ ಅನ್ನುವುದಕ್ಕೇ ಅಲ್ಲಿ ಹೆಚ್ಚು ಕೊಡಬೇಕು.

ಬಾಡಿಗೆ ಏರುವುದು ಇಳಿಯುವುದು ಊರಿಗಿಂತ ದಿನದ ಮೇಲೆ ನಿಂತಿದೆ. 2023ರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಆವಲಗುರ್ಕಿಯ ಈಶಾ ಕೇಂದ್ರದಲ್ಲಿ ಆದಿಯೋಗಿ ಪ್ರತಿಮೆ ಅನಾವರಣವಾದ ಮೇಲೆ ಶನಿವಾರ ಭಾನುವಾರ ಬೆಂಗಳೂರಿನ ಜನವೆಲ್ಲ ಇತ್ತ ಬರುತ್ತಾರೆ. ಶಿವರಾತ್ರಿಗಂತೂ ಕೇಳುವುದೇ ಬೇಡ: ಅತ್ತ ಈಶಾ, ಇತ್ತ ನಂದಿ ಗ್ರಾಮದ ಭೋಗನಂದೀಶ್ವರನ ತೇರು. ವೈನ್ ದ್ರಾಕ್ಷಿಯ ಕೊಯ್ಲೂ ಫೆಬ್ರವರಿ–ಮಾರ್ಚ್‌ನಲ್ಲೇ ಬರುವುದರಿಂದ ಕ್ಯಾಲೆಂಡರಿನಲ್ಲಿ ಶಿವರಾತ್ರಿ ನೋಡಿಕೊಂಡು, ಅದರ ಹಿಂದೆ ಮುಂದೆ ನಾಲ್ಕು ದಿನ ಬಿಡಿ. ಮದುವೆ ಲಗ್ನಗಳಿರುವ ದಿನವೂ ಕಷ್ಟ. ಛತ್ರ ಹಿಡಿದವರು ಬೀಗರಿಗೆಂದು ಪಕ್ಕದ ಲಾಡ್ಜನ್ನೇ ಸಾರಾಸಗಟಾಗಿ ಹಿಡಿದಿರುತ್ತಾರೆ. ಸೋಮವಾರದಿಂದ ಗುರುವಾರದೊಳಗೆ ಬಂದರೆ ಸಾವಿರದಿಂದ ಎರಡು ಸಾವಿರದೊಳಗೆ ಡಬಲ್ ರೂಮು ಸಿಗುತ್ತದೆ, ಏಸಿ ಬೇಕಾದರೆ ಆ ಮೇಲಿನ ತುದಿಯಲ್ಲಿ.

ಆ್ಯಪ್‌ನಲ್ಲಿ ರೇಟು ನೋಡಿ, ಆಮೇಲೆ ಲಾಡ್ಜಿಗೇ ಫೋನ್ ಮಾಡಿ. ಕಮಿಷನ್ ಉಳಿಯುವುದರಿಂದ ಎರಡು ರೂಮು, ಎರಡು ರಾತ್ರಿ ಅಂದರೆ ಸ್ವಲ್ಪ ಇಳಿಸುತ್ತಾರೆ. ರೇಟಿನಲ್ಲಿ ಜಿಎಸ್‌ಟಿ ಸೇರಿದೆಯಾ ಕೇಳಿ. 2025ರ ಸೆಪ್ಟೆಂಬರ್ 22ರಿಂದ 7,500 ರೂ.ವರೆಗಿನ ರೂಮಿಗೆ 12ರ ಬದಲು ಶೇ 5. ಹಳೇ ದರ ಹೇಳಿದರೆ ಒಪ್ಪಬೇಡಿ. ಚೆಕ್‌ಔಟ್ 24 ಗಂಟೆಯದೋ, ಮಧ್ಯಾಹ್ನ 12ರದೋ ಅನ್ನುವುದೂ ಮುಖ್ಯ. ನೀವು ವೈನರಿ ಮುಗಿಸಿ ಸಂಜೆ ಆರಕ್ಕೆ ಬರುವವರು, 24 ಗಂಟೆಯದಾದರೆ ಕೊನೆಯ ದಿನ ಸಂಜೆವರೆಗೂ ರೂಮು ನಿಮ್ಮದೇ. ಇನ್ನೊಂದು, ಬಿಸಿನೀರು. ಎಷ್ಟೋ ಕಡೆ ಬೆಳಿಗ್ಗೆ 6ರಿಂದ 9ರವರೆಗೆ ಮಾತ್ರ ಬಿಡುತ್ತಾರೆ. ಸೂರ್ಯೋದಯಕ್ಕೆ ನಂದಿಗೆ ಹೊರಡುವವರು ನಾಲ್ಕೂವರೆಗೇ ಏಳಬೇಕು. ರೂಮಿನಲ್ಲೇ ಗೀಸರ್ ಇರುವುದನ್ನು ಕೇಳಿ ತೊಗೊಳ್ಳಿ. ನಾಲ್ವರದೂ ಆಧಾರ್ ಜೊತೆಗಿರಲಿ.

ಹೋಮ್‌ಸ್ಟೇಯವರು 'ದ್ರಾಕ್ಷಿ ತೋಟದ ನೋಟ' ಅಂತ ಹಾಕಿರುವ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಕಲ್ಲುಕಂಬದ ಮೇಲೆ ಚಪ್ಪರ ಹಬ್ಬಿದ್ದರೆ ಬಹುತೇಕ ಬೆಂಗಳೂರು ಬ್ಲೂ ಅಥವಾ ದಿಲ್‌ಖುಷ್, ಮಾರುಕಟ್ಟೆಗೆ ಹೋಗುವ ಹಣ್ಣು. ಬೆಂಗಳೂರು ಬ್ಲೂನಿಂದ ಸಿಹಿ ಪೋರ್ಟ್ ವೈನ್ ಆಗುತ್ತದೆ, ನೀವು ಟೇಸ್ಟಿಂಗ್‌ನಲ್ಲಿ ಕುಡಿಯುವ ಶಿರಾಜ್ ಅಲ್ಲ. ವೈನ್ ಜಾತಿಗಳನ್ನು ಸಾಮಾನ್ಯವಾಗಿ ತಂತಿ ಎಳೆದು, ಬೇಲಿಯಂತೆ ಸಾಲಾಗಿ ಬೆಳೆಸುತ್ತಾರೆ. ಚಪ್ಪರವೂ ಚಂದವೇ, ನೆರಳಿನಲ್ಲಿ ತಲೆ ಬಗ್ಗಿಸಿಕೊಂಡು ಓಡಾಡಬಹುದು, ಅದಕ್ಕೆ ವೈನರಿಯ ರೇಟು ಕೊಡಬೇಡಿ ಅಷ್ಟೆ. ಔಷಧಿ ಹೊಡೆಯುವ ದಿನ ಯಾವುದು ಅಂತಲೂ ವಿಚಾರಿಸಿ. ಆ ಬೆಳಿಗ್ಗೆ ಕಿಟಕಿ ತೆಗೆಯಲಾಗುವುದಿಲ್ಲ, ಎಲೆ ಮೇಲೆ ಬಿಳಿ ನೀಲಿ ಕಲೆ ಕಂಡರೆ ಅದು ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ), ಆ ಹಣ್ಣು ಕಿತ್ತು ಹಾಗೇ ಬಾಯಿಗೆ ಹಾಕಿಕೊಳ್ಳಬೇಡಿ.

ಬೆಟ್ಟದ ಮೇಲೇ ಉಳಿಯಲು ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಮಯೂರ ಪೈನ್‌ಟಾಪ್ ಇದೆ, ಸರ್ಕಾರಿ ಅತಿಥಿಗೃಹಗಳಿವೆ. ಬೆಳಗಿನ ಗೇಟಿನ ಕ್ಯೂ ತಪ್ಪುವುದೇ ದೊಡ್ಡ ಲಾಭ. ಆದರೆ ಸಂಜೆ ಗೇಟು ಹಾಕುತ್ತಾರೆ, ವೈನರಿಯಲ್ಲಿ ತಡವಾದರೆ ಕೆಳಗೇ ಸಿಕ್ಕಿಕೊಳ್ಳುತ್ತೀರಿ. ಹಾಗಾಗಿ ಉಳಿಯುವುದಾದರೆ ಎರಡನೇ ರಾತ್ರಿ ಉಳಿಯಿರಿ, ಎಷ್ಟು ಗಂಟೆಯೊಳಗೆ ಒಳಗಿರಬೇಕು ಅಂತ ಬುಕ್ ಮಾಡುವಾಗಲೇ ಕೇಳಿ. ಬೆಟ್ಟಕ್ಕೆ ವೈನ್ ಬಾಟಲಿ ಒಯ್ಯುವಂತಿಲ್ಲ. ಕೊಂಡ ವೈನನ್ನು ಮಾರ್ಚ್ ಬಿಸಿಲಿನಲ್ಲಿ ಡಿಕ್ಕಿಯಲ್ಲಿ ಬಿಟ್ಟರೆ ಕಾರ್ಕ್ ಮೇಲೆದ್ದು ರುಚಿ ಕೆಡುತ್ತದೆ. ಅದಕ್ಕೇ ವೈನರಿಯಲ್ಲಿ ನೋಡಿ ಬಂದು, ಊರಿಗೆ ಹೊರಟ ದಿನ ಅದೇ ದಾರಿಯಲ್ಲಿ ಕೊಳ್ಳಿ.